ವಿಮಾನ ಹತ್ತಿದರೆ ಸಾಲ ಇಳಿಯುವುದಿಲ್ಲ

ಯೌವನಸ್ಥರ ಕೂಟದ ಪಾಠ
ವಾಕ್ಯಭಾಗ: ಫಿಲೆಮೋನನಿಗೆ ಬರೆದ ಪತ್ರಿಕೆ 8ರಿಂದ 21, 2 ಅರಸುಗಳು 4:1ರಿಂದ 7



ಇವತ್ತಿನ ವಿಷಯ ಸಾಮಾನ್ಯವಾಗಿ ಈ ಜಾಗದಲ್ಲಿ ನಿಂತು ಯಾರೂ ಮಾತಾಡದ ವಿಷಯ. ಕ್ರೆಡಿಟ್ ಕಾರ್ಡ್ ಸಾಲ. ಅದರಲ್ಲೂ, ಸಾಲ ಒಂದು ದೇಶದಲ್ಲಿ, ನಾವು ಇನ್ನೊಂದು ದೇಶದಲ್ಲಿ.

ಹೋದ ತಿಂಗಳು ಆರಾಧನೆ ಮುಗಿದು ಕುರ್ಚಿ ಜೋಡಿಸ್ತಾ ಇದ್ದಾಗ ಒಬ್ಬ ತಮ್ಮ ನನ್ನ ಹತ್ರ ಬಂದ. "ಬ್ರದರ್, ಕೆನಡಾ ವೀಸಾ ಬಂತು" ಅಂದ. ಇಬ್ಬರೂ ದೇವರಿಗೆ ಸ್ತೋತ್ರ ಹೇಳಿದ್ವಿ. ಆಮೇಲೆ ಮೆಲ್ಲಗೆ ಹೇಳಿದ: "ಒಂದು ಕಾರ್ಡ್‌ನಲ್ಲಿ ಒಂದೂವರೆ ಲಕ್ಷ ಬಾಕಿ ಇದೆ. ಅಲ್ಲಿ ಹೋಗಿ ಸಿಮ್ ಚೇಂಜ್ ಮಾಡಿಬಿಟ್ರೆ ಬ್ಯಾಂಕ್‌ನವರು ಅಲ್ಲಿವರೆಗೂ ಬರ್ತಾರಾ?" ನಗ್ತಾ ಕೇಳಿದ. ನನಗೆ ನಗು ಬರಲಿಲ್ಲ. ಯಾಕಂದ್ರೆ 2016ರಲ್ಲಿ ದುಬೈನಲ್ಲಿ ನಾನು ಇದೇ ಪ್ರಶ್ನೆಯನ್ನ ನನ್ನ ರೂಮ್‌ಮೇಟ್‌ಗೆ ಕೇಳಿದ್ದೆ, ನಗ್ತಾನೇ.

ಆ ತಮ್ಮನ ಒಪ್ಪಿಗೆ ತಗೊಂಡೇ ಈ ಪಾಠ ಮಾಡ್ತಾ ಇದ್ದೀನಿ. ಅವನ ಹೆಸರು ಹೇಳಲ್ಲ. ನನ್ನ ಕಥೆಯನ್ನ ಪೂರ್ತಿ ಹೇಳ್ತೀನಿ.

ನನ್ನ ಸುಳ್ಳು ಸಾಕ್ಷಿ

ದುಬೈನಲ್ಲಿ ಒಂದು ಕಾಂಟ್ರ್ಯಾಕ್ಟಿಂಗ್ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ ಮಾಡ್ತಿದ್ದೆ. ತೈಲದ ಬೆಲೆ ಬಿದ್ದ ವರ್ಷಗಳು ಅವು. ಸಂಬಳ ಮೊದಲು ತಡವಾಯ್ತು, ಆಮೇಲೆ ನಿಂತುಹೋಯ್ತು. ಆ ತಿಂಗಳುಗಳಲ್ಲಿ ರೂಮ್ ಬಾಡಿಗೆ, ಊಟ, ಊರಿಗೆ ಕಳಿಸೋ ದುಡ್ಡು ಎಲ್ಲವೂ ಕಾರ್ಡ್ ಮೇಲೆ. ಕೆಲಸ ಹೋದಾಗ ಬಾಕಿ 19,400 ದಿರ್ಹಾಮ್. ಆಗಿನ ಲೆಕ್ಕದಲ್ಲಿ ಮೂರೂವರೆ ಲಕ್ಷ ರೂಪಾಯಿ. ಟಿಕೆಟ್ ತಗೊಂಡು ಬೆಂಗಳೂರಿಗೆ ಬಂದುಬಿಟ್ಟೆ. ದುಬೈ ಸಿಮ್ ತೆಗೆದು ಎಸೆದೆ. ಬ್ಯಾಂಕಿನ ಇಮೇಲ್ ಬಂದರೆ ತೆರೆಯದೆ ಬೇರೆ ಫೋಲ್ಡರ್‌ಗೆ ಹಾಕ್ತಿದ್ದೆ.

ಮುಂದಿನದು ಹೇಳೋಕೆ ಇವತ್ತಿಗೂ ನಾಚಿಕೆ. ಕೆಲವು ತಿಂಗಳ ನಂತರ ಒಂದು ಉಪವಾಸ ಪ್ರಾರ್ಥನೆಯಲ್ಲಿ ಸಾಲದ ನೊಗ ಮುರಿಯಲಿ ಅಂತ ಪ್ರಾರ್ಥಿಸಿದರು. ನಾನೂ ಕೈ ಎತ್ತಿ ಅತ್ತೆ. ಮುಂದಿನ ವಾರ ನಿಂತು ಸಾಕ್ಷಿ ಹೇಳಿದೆ: ದೇವರು ನನ್ನನ್ನು ಸಾಲದಿಂದ ಬಿಡಿಸಿದರು. ಸಭೆಯೆಲ್ಲಾ ಹಲ್ಲೆಲೂಯ ಅಂತು.

ಆರಾಧನೆ ಆದ ಮೇಲೆ ಒಬ್ಬ ವಯಸ್ಸಾದ ತಾಯಿ ನನ್ನ ಕೈ ಹಿಡಿದುಕೊಂಡರು. ಮಹಿಳಾ ಸಂಘದ ಸಾಲವನ್ನ ವಾರ ವಾರ ಕಟ್ಟುತ್ತಿದ್ದವರು ಅವರು. ಕಣ್ಣಲ್ಲಿ ಆಸೆ ಇಟ್ಟುಕೊಂಡು ಕೇಳಿದರು: "ನಿನ್ನ ಸಾಲ ಯಾರು ಕಟ್ಟಿದರಪ್ಪಾ? ನೀನು ಹೇಗೆ ಪ್ರಾರ್ಥನೆ ಮಾಡ್ದೆ, ನನಗೂ ಹೇಳಿಕೊಡು."

ಯಾರೂ ಕಟ್ಟಿರಲಿಲ್ಲ. ಫೋನ್ ಬರ್ತಾ ಇರಲಿಲ್ಲ, ಅಷ್ಟೇ. ಫೋನ್ ನಿಂತಿದ್ದನ್ನ ನಾನು ಬಿಡುಗಡೆ ಅಂತ ಕರೆದಿದ್ದೆ.

ಆ ತಾಯಿ ಎದುರು ಏನೋ ತೊದಲಿ ತಪ್ಪಿಸಿಕೊಂಡೆ. ಆದರೂ ನಾನು ಬದಲಾಗಲಿಲ್ಲ. 2018ರ ಕೊನೆಗೆ ವಸೂಲಿಯವರು ಅಪ್ಪನ ನಂಬರ್ ಹುಡುಕಿ ಫೋನ್ ಮಾಡಿದರು. ಆವತ್ತು ಸಂಜೆ ಅಪ್ಪ ಟಿವಿ ಆಫ್ ಮಾಡಿ ಒಂದೇ ಮಾತು ಕೇಳಿದರು: "ನೀನು ತಗೊಂಡಿದ್ದು ನಿಜಾನಾ?" ಆ ರಾತ್ರಿ ಆ ಫೋಲ್ಡರ್ ತೆರೆದೆ. ಬಾಕಿ 31,800 ದಿರ್ಹಾಮ್ ಆಗಿತ್ತು.

ಒನೇಸಿಮನ ಪ್ರಯಾಣ

ಈಗ ವಾಕ್ಯಕ್ಕೆ ಬರೋಣ. ಫಿಲೆಮೋನನಿಗೆ ಬರೆದ ಪತ್ರಿಕೆ ಪೌಲನ ಪತ್ರಿಕೆಗಳಲ್ಲೇ ಚಿಕ್ಕದು. ಒಂದೇ ಅಧ್ಯಾಯ, 25 ವಚನ. ಒನೇಸಿಮ ಕೊಲೊಸ್ಸೆ ಊರಿನವನು, ಫಿಲೆಮೋನನ ದಾಸ. ಯಜಮಾನನನ್ನು ಬಿಟ್ಟು ದೂರ ಹೋಗಿ, ಸೆರೆಯಲ್ಲಿದ್ದ ಪೌಲನ ಹತ್ತಿರ ಸೇರಿದ. ಆ ಸೆರೆ ರೋಮಾಪುರದಲ್ಲಿತ್ತು ಅನ್ನೋದು ಬಹುಕಾಲದ ನಂಬಿಕೆ. ಅಂದ್ರೆ ಕಡಲು ದಾಟಿದ ಪ್ರಯಾಣ. ಅಲ್ಲಿ ಅವನಿಗೆ ರಕ್ಷಣೆ ಆಯ್ತು. ಪೌಲ ಅವನನ್ನ ಮಗ ಅಂತಲೇ ಕರೀತಾನೆ.

ನಾವಾಗಿದ್ರೆ ಏನು ಹೇಳ್ತಿದ್ವಿ? "ಹಳೇದೆಲ್ಲಾ ಹೋಯ್ತು ಬ್ರದರ್, ಹೊಸ ಊರು, ಹೊಸ ಜೀವನ, ಮುಂದೆ ನೋಡಿ." ಪೌಲ ಹಾಗೆ ಹೇಳಲಿಲ್ಲ. ವಾಪಸ್ ಕಳಿಸಿದ. ಪಾಪ ಕ್ಷಮಿಸಲ್ಪಟ್ಟಿದೆ, ನಿಜ. ಆದರೆ ಕೊಲೊಸ್ಸೆಯಲ್ಲಿ ಒಂದು ಲೆಕ್ಕ ಬಾಕಿ ಇರಬಹುದು, ಅದನ್ನ ಮುಖ ಕೊಟ್ಟು ಮುಗಿಸಬೇಕು.

ಇಲ್ಲಿ ಮೂರು ವಿಷಯ ಗಮನಿಸಿ.

ಮೊದಲನೆಯದು, ಅವನು ಒಬ್ಬನೇ ಹೋಗಲಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ 4ನೇ ಅಧ್ಯಾಯ ನೋಡಿದರೆ ಜೊತೆಗೆ ತುಖಿಕ ಇದ್ದ. ಸಾಲದವನಿಗೆ ಮೊದಲು ಬೇಕಾಗಿದ್ದು ಜೊತೆಗೆ ಕೂರುವ ಒಬ್ಬ ಮನುಷ್ಯ.

ಎರಡನೆಯದು, ಬರಹ. ಅವನಿಂದ ಏನಾದರೂ ಬರಬೇಕಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ, ನಾನು ಕೊಡ್ತೀನಿ ಅಂತ ಪೌಲ ತನ್ನ ಸ್ವಂತ ಕೈಯಿಂದ ಬರೆದ. ಬಾಯಿಮಾತು ಅಲ್ಲ.

ಮೂರನೆಯದು ಬಹಳ ಮುಖ್ಯ. ಪೌಲ ಅಪೊಸ್ತಲ. ಆದರೂ "ಆ ಸಾಲ ರದ್ದು" ಅಂತ ತಾನೇ ಘೋಷಣೆ ಮಾಡಲಿಲ್ಲ. ಯಾಕೆ? ಮನ್ನಾ ಮಾಡುವ ಹಕ್ಕು ಕೊಟ್ಟವನದ್ದು. ತಗೊಂಡವನದ್ದಲ್ಲ, ಪ್ರಾರ್ಥನೆ ಮಾಡಿಸಿದವರದ್ದೂ ಅಲ್ಲ. ಸುಳ್ಳು ಹೇಳಿದ್ದಕ್ಕೆ, ಓಡಿಹೋಗಿದ್ದಕ್ಕೆ ನಾನು ದೇವರ ಹತ್ರ ಕ್ಷಮೆ ಕೇಳಬಹುದು, ಅದು ಸಿಗುತ್ತೆ. 19,400 ದಿರ್ಹಾಮ್ ವಿಷಯ ಬ್ಯಾಂಕಿನ ಹತ್ರವೇ ಮಾತಾಡಬೇಕು.

ಎಣ್ಣೆ ಮಾರಬೇಕು

"ಹಾಗಾದ್ರೆ ಅದ್ಭುತ ಇಲ್ವಾ ಬ್ರದರ್?" ಅಂತ ಕೇಳ್ತೀರ. ಇದೆ. ಎರಡನೇ ಅರಸುಗಳು 4ನೇ ಅಧ್ಯಾಯ. ಗಂಡ ಸತ್ತ ಆ ಹೆಂಗಸಿನ ಇಬ್ಬರು ಮಕ್ಕಳನ್ನ ಸಾಲ ಕೊಟ್ಟವನು ದಾಸರಾಗಿ ಎಳೆದುಕೊಂಡು ಹೋಗೋಕೆ ಬಂದಿದ್ದ. ಎಣ್ಣೆ ಉಕ್ಕಿತು, ಪಾತ್ರೆಗಳು ತುಂಬಿದವು. ನಾವು ಸಾಕ್ಷಿ ಹೇಳುವಾಗ ಇಲ್ಲಿಗೇ ನಿಲ್ಲಿಸ್ತೀವಿ. ಎಲೀಷ ನಿಲ್ಲಿಸಲಿಲ್ಲ. ಹೋಗಿ ಎಣ್ಣೆ ಮಾರು, ಮೊದಲು ಸಾಲ ತೀರಿಸು, ಉಳಿದಿದ್ದರಲ್ಲಿ ನೀನೂ ಮಕ್ಕಳೂ ಬದುಕಿ ಅಂದ.

ದೇವರು ಸಾಲದವನನ್ನ ಮಾಯ ಮಾಡಲಿಲ್ಲ, ಎಣ್ಣೆ ಕೊಟ್ಟರು. ಎಣ್ಣೆಯನ್ನ ಹೊತ್ತು ಮಾರಿದ್ದು ಆ ತಾಯಿ. ನಿಮಗೆ ಬಂದ ವೀಸಾ, ಹೊಸ ದೇಶದ ಸಂಬಳ, ಅದೇ ನಿಮ್ಮ ಎಣ್ಣೆ. ಅದರಿಂದ ಮೊದಲು ಏನು ಮಾಡಬೇಕು ಅಂತ ಎಲೀಷ ಹೇಳಿಬಿಟ್ಟಿದ್ದಾನೆ.

ಲೆಕ್ಕ ಗೊತ್ತಿರಲಿ

ಈಗ ಪೆನ್ನು ತಗೊಳ್ಳಿ. ನಾನು ವಕೀಲ ಅಲ್ಲ, ಅಕೌಂಟ್ಸ್ ಕೆಲಸದವನು. ಕೋರ್ಟ್ ನೋಟಿಸ್ ಬಂದಿದ್ರೆ ವಕೀಲರನ್ನೇ ನೋಡಿ. ಆದರೆ ಇಷ್ಟು ಎಲ್ಲರಿಗೂ ಗೊತ್ತಿರಬೇಕು.

ನಮ್ಮ ದೇಶದಲ್ಲಿ ತುಂಬಾ ಕಾರ್ಡ್‌ಗಳ ಬಡ್ಡಿ ತಿಂಗಳಿಗೆ 3ರಿಂದ 3.75 ಪರ್ಸೆಂಟ್. ವರ್ಷಕ್ಕಲ್ಲ, ತಿಂಗಳಿಗೆ. ಆ ತಮ್ಮನ ಒಂದೂವರೆ ಲಕ್ಷವನ್ನೇ ತಗೊಳ್ಳಿ. ಮೂರೂವರೆ ಪರ್ಸೆಂಟ್ ಅಂದ್ರೆ ಒಂದು ತಿಂಗಳ ಬಡ್ಡಿ 5,250 ರೂಪಾಯಿ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 945. ಒಟ್ಟು 6,195. ಮಿನಿಮಮ್ ಡ್ಯೂ 5 ಪರ್ಸೆಂಟ್ ಅಂದುಕೊಂಡು 7,500 ಕಟ್ಟಿದರೆ ಅಸಲಿಗೆ ಹೋಗೋದು 1,305 ಮಾತ್ರ. ಬಾಕಿ ಉಳಿಸಿಕೊಂಡು ಅದೇ ಕಾರ್ಡ್‌ನಲ್ಲಿ ಹೊಸದಾಗಿ ಏನಾದರೂ ಕೊಂಡರೆ ಅದಕ್ಕೆ ಬಡ್ಡಿ ಇಲ್ಲದ ದಿನಗಳೂ ಸಿಗಲ್ಲ, ಮೊದಲ ದಿನದಿಂದಲೇ ಬಡ್ಡಿ. ಸಾಲವೇ ಶೂಲ ಅಂತ ನಮ್ಮಜ್ಜಿ ಹೇಳ್ತಿದ್ದರು, ಅವರು ಕಾರ್ಡ್ ನೋಡಿಯೇ ಇರಲಿಲ್ಲ.

"ಮೂರು ವರ್ಷ ಆದ್ರೆ ಕೇಸ್ ಹಾಕೋ ಹಾಗಿಲ್ವಂತೆ?" ಇದನ್ನ ತುಂಬಾ ಜನ ಹೇಳ್ತಾರೆ. ಲಿಮಿಟೇಶನ್ ಕಾಯಿದೆ 1963ರ ಪ್ರಕಾರ ಇಂಥ ಹಣದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ, ಸರಿ. ಆದರೆ ಅದೇ ಕಾಯಿದೆಯ 15ನೇ ಸೆಕ್ಷನ್ ಓದಿ. ಸಾಲಗಾರ ಭಾರತದ ಹೊರಗೆ ಇದ್ದ ಕಾಲವನ್ನ ಆ ಲೆಕ್ಕದಿಂದ ಬಿಡಬೇಕು ಅಂತ ಇದೆ. ಅಂದ್ರೆ ನೀವು ವಿಮಾನ ಹತ್ತಿದಾಗ ಗಡಿಯಾರ ನಿಲ್ಲುತ್ತೆ, ವಾಪಸ್ ಬಂದಾಗ ಮತ್ತೆ ಓಡುತ್ತೆ. ಇನ್ನು, ಅವಧಿ ಮೀರಿದರೂ ಮುಗಿಯೋದು ಕೋರ್ಟಿನ ದಾರಿ. ಸಾಲ ಮುಗಿಯಲ್ಲ.

"ಬ್ಯಾಂಕ್‌ನವರು ರೈಟ್ ಆಫ್ ಮಾಡಿಬಿಟ್ಟರು" ಅಂತ ಖುಷಿಪಡಬೇಡಿ. ರೈಟ್ ಆಫ್ ಅಂದ್ರೆ ಅವರ ಪುಸ್ತಕದ ಲೆಕ್ಕಾಚಾರ, ಮನ್ನಾ ಅಲ್ಲ. ವಸೂಲಿ ಮುಂದುವರಿಯಬಹುದು. ನಿಮ್ಮ ಪ್ಯಾನ್ ಹೆಸರಲ್ಲಿ ಆ ದಾಖಲೆ ಸಿಬಿಲ್ ಥರದ ನಾಲ್ಕು ಕ್ರೆಡಿಟ್ ಸಂಸ್ಥೆಗಳಿಗೆ ಹೋಗುತ್ತೆ. ನಾಳೆ ವಾಪಸ್ ಬಂದು ಮನೆ ಸಾಲ ಕೇಳಿದಾಗ ಅದು ಅಲ್ಲಿ ಕಾಯ್ತಾ ಇರುತ್ತೆ.

ಇನ್ನು ಹೆದರಿಕೆ. ಕಷ್ಟಕ್ಕೆ ಸಿಕ್ಕಿ ಕಾರ್ಡ್ ಬಾಕಿ ಕಟ್ಟಲಾಗದೆ ಹೋದರೆ ಅದು ಮೂಲತಃ ಸಿವಿಲ್ ವಿಷಯ. "ಪೊಲೀಸ್ ಮನೆ ಬಾಗಿಲಲ್ಲಿ ಇದ್ದಾರೆ" ಅಂತ ಫೋನ್‌ನಲ್ಲಿ ಹೇಳಿದರೆ ನಡುಗಬೇಡಿ. ಆದರೆ ಕೊಟ್ಟ ಚೆಕ್ ಬೌನ್ಸ್ ಆದರೆ 138ನೇ ಸೆಕ್ಷನ್ ಇದೆ, ಅದು ಬೇರೆ ಕಥೆ. ಹೊರಡುವ ಮುಂಚೆ ಲಿಮಿಟ್ ಮುಗಿಯೋವರೆಗೂ ಶಾಪಿಂಗ್ ಮಾಡಿ, ಕಟ್ಟುವ ಮನಸ್ಸೇ ಇಲ್ಲದೆ ಹೊರಟರೆ ಅದನ್ನ ಕಷ್ಟ ಅನ್ನಲ್ಲ, ಮೋಸ ಅಂತಾರೆ. ದೇವರ ಎದುರೂ ಅದೇ ಹೆಸರು.

ವಸೂಲಿಯವರಿಗೂ ನಿಯಮ ಇದೆ. ಆರ್‌ಬಿಐ 2022ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ: ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಬಾಕಿಗಾಗಿ ಫೋನ್ ಮಾಡುವ ಹಾಗಿಲ್ಲ. ಬೈಯುವುದು, ಬೆದರಿಸುವುದು, ಮನೆಯವರ ಮತ್ತು ಗೆಳೆಯರ ಮಾನ ಕಳೆಯುವುದು, ಯಾವುದೂ ಮಾಡುವ ಹಾಗಿಲ್ಲ. ಹಾಗೆ ನಡೆದರೆ ದಿನಾಂಕ, ಸಮಯ ಬರೆದಿಟ್ಟು ಮೊದಲು ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಅವರ ತಪ್ಪಿಗೆ ದೂರು ಕೊಡಿ, ನಿಮ್ಮ ಸಾಲವನ್ನೂ ಕಟ್ಟಿ. ಒಂದು ಇನ್ನೊಂದನ್ನ ಅಳಿಸಲ್ಲ.

ಗಲ್ಫ್‌ನಿಂದ ಬಂದವರಿಗೆ

ನನ್ನ ಹಾಗೆ ಆ ಕಡೆಯಿಂದ ಈ ಕಡೆ ಬಂದವರೂ ನಮ್ಮಲ್ಲಿ ಇದ್ದಾರೆ. ದುಬೈನಲ್ಲಿ ಕಾರ್ಡ್ ಅಥವಾ ಲೋನ್ ಕೊಡುವಾಗ ಸಹಿ ಮಾಡಿದ ಸೆಕ್ಯೂರಿಟಿ ಚೆಕ್ ತಗೊಳ್ಳುವುದು ರೂಢಿ. ಆ ದಿನಗಳಲ್ಲಿ ಅದು ಬೌನ್ಸ್ ಆದರೆ ಪೊಲೀಸ್ ಕೇಸ್. ಮತ್ತೆ ಆ ದೇಶಕ್ಕೆ ಕಾಲಿಟ್ಟಾಗ ಏರ್‌ಪೋರ್ಟ್‌ನಲ್ಲೇ ತಡೆದ ಉದಾಹರಣೆಗಳು ಬಹಳ. 2022ರ ಜನವರಿಯಿಂದ ಅಲ್ಲಿನ ಕಾನೂನು ಬದಲಾಗಿದೆ. ಹಣ ಸಾಲದೆ ಚೆಕ್ ವಾಪಸ್ ಆದ ಮಾತ್ರಕ್ಕೆ ಈಗ ಸಾಮಾನ್ಯವಾಗಿ ಕ್ರಿಮಿನಲ್ ಕೇಸ್ ಇಲ್ಲ. ಬದಲಿಗೆ ಆ ಚೆಕ್ ಇಟ್ಟುಕೊಂಡು ನೇರವಾಗಿ ವಸೂಲಿಗೆ ಕೋರ್ಟಿಗೆ ಹೋಗಬಹುದು.

"ನಾನು ಇನ್ನು ಆ ಕಡೆ ಹೋಗೋದೇ ಇಲ್ಲ" ಅಂತ ನಾನೂ ಅಂದುಕೊಂಡಿದ್ದೆ. 2020ರ ಜನವರಿ 17ರಂದು ಭಾರತ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಸಿವಿಲ್ ಪ್ರೊಸೀಜರ್ ಕೋಡ್‌ನ 44ಎ ಸೆಕ್ಷನ್ ಕೆಳಗೆ ಯುಎಇ ಕೂಡ ಸೇರಿತು. ಅಂದ್ರೆ ಅಲ್ಲಿನ ಅಧಿಸೂಚಿತ ಕೋರ್ಟ್‌ಗಳು ಕೊಟ್ಟ ಹಣದ ಡಿಕ್ರಿಯನ್ನ ನಮ್ಮ ಜಿಲ್ಲಾ ಕೋರ್ಟ್‌ನಲ್ಲಿ ಹಾಕಿ ಜಾರಿ ಮಾಡಿಸಬಹುದು. ಬ್ರಿಟನ್, ಸಿಂಗಪುರ ಆ ಪಟ್ಟಿಯಲ್ಲಿ ಮೊದಲೇ ಇದ್ದವು. ಪ್ರತಿ ಸಾಲಕ್ಕೂ ಬ್ಯಾಂಕ್ ಇಷ್ಟು ದೂರ ಬರುತ್ತೆ ಅಂತ ನಾನು ಹೇಳ್ತಿಲ್ಲ. ದಾರಿ ಇದೆ ಅಂತ ಹೇಳ್ತಿದ್ದೀನಿ.

ನಾನು ಮಾಡಿದ್ದು, ನೀವು ಮಾಡಬಹುದಾದ್ದು

ಅಪ್ಪ ಕೇಳಿದ ಮಾರನೇ ದಿನ ನಮ್ಮ ಸಭೆಯ ಒಬ್ಬ ಹಿರಿಯ ಸಹೋದರರನ್ನ ಕೂರಿಸಿಕೊಂಡು ಬ್ಯಾಂಕಿಗೆ ಇಮೇಲ್ ಬರೆದೆ. ನಾಲ್ಕೇ ಸಾಲು: ನಾನು ಇಂಥವನು, ಸಾಲ ನನ್ನದು, ಈಗ ನನ್ನ ಸಂಬಳ ಇಷ್ಟು, ತಿಂಗಳಿಗೆ ಇಷ್ಟು ಕಟ್ಟಬಲ್ಲೆ. ಉತ್ತರ ಬಂದಿದ್ದು ಮೂರನೇ ಇಮೇಲ್‌ಗೆ. ಮಾತುಕತೆ ಎರಡು ತಿಂಗಳು ನಡೀತು. ಕೊನೆಗೆ 21,000 ದಿರ್ಹಾಮ್‌ಗೆ ಒಪ್ಪಿದರು, ತಿಂಗಳಿಗೆ 1,000ದಂತೆ 21 ಕಂತು. ಒಪ್ಪಿದ್ದನ್ನ ಬರಹದಲ್ಲಿ ತರಿಸಿಕೊಂಡ ಮೇಲೆಯೇ ಮೊದಲ ಕಂತು ಕಟ್ಟಿದೆ.

ತಿಂಗಳಿಗೆ ಸುಮಾರು 19 ಸಾವಿರ ರೂಪಾಯಿ. ನನ್ನ ಸಂಬಳ 34 ಸಾವಿರ. ಬೈಕ್ ಮಾರಿದೆ. ಸಂಜೆ ಇಬ್ಬರು ಅಂಗಡಿಯವರ ಲೆಕ್ಕ ಬರೆದೆ. 2020ರ ಲಾಕ್‌ಡೌನ್‌ನಲ್ಲಿ ಎರಡು ತಿಂಗಳು ಕಟ್ಟೋಕೆ ಆಗಲಿಲ್ಲ, ಆದರೆ ಈ ಸಲ ಮುಂಚೆಯೇ ಬರೆದು ಕೇಳಿಕೊಂಡೆ. ಅವರು ಒಪ್ಪಿದರು. 2019ರ ಫೆಬ್ರವರಿಯಲ್ಲಿ ಶುರುವಾಗಿದ್ದು 2020ರ ಡಿಸೆಂಬರ್‌ಗೆ ಮುಗೀತು. 31,800ರಲ್ಲಿ 10,800 ಅವರು ಬಿಟ್ಟರು. ಅದು ನಿಜವಾದ ಮನ್ನಾ. ಬಿಡುವ ಹಕ್ಕು ಇದ್ದವರು ಬಿಟ್ಟಿದ್ದು.

ನಿಮಗೆ ಹೇಳೋದು ಇಷ್ಟು.

ಹೊರಡುವ ಮುಂಚೆ ಆದಷ್ಟು ಕಟ್ಟಿ. ಪೂರ್ತಿ ಆಗದಿದ್ದರೆ ಆ ಬಾಕಿಯನ್ನ ಕಡಿಮೆ ಬಡ್ಡಿಯ ಇಎಂಐ ಅಥವಾ ಪರ್ಸನಲ್ ಲೋನ್‌ಗೆ ಬದಲಾಯಿಸಲು ಕೇಳಿ. ಒಂದು ಕಾರ್ಡ್ ಸಾಲಕ್ಕೆ ಇನ್ನೊಂದು ಕಾರ್ಡ್ ಉಜ್ಜಬೇಡಿ, ಲೋನ್ ಆ್ಯಪ್ ಹತ್ರ ಹೋಗಲೇಬೇಡಿ.

ಬ್ಯಾಂಕಿಗೆ ಹೊಸ ವಿಳಾಸ, ಇಮೇಲ್ ಕೊಡಿ. ಇಲ್ಲಿನ ಸಿಮ್ ಜೀವಂತ ಇಡಿ, ಓಟಿಪಿ ಅದಕ್ಕೇ ಬರೋದು. ವಿದೇಶದಲ್ಲಿ ನೆಲೆಸಿದ ಮೇಲೆ ಇಲ್ಲಿನ ಸೇವಿಂಗ್ಸ್ ಅಕೌಂಟ್‌ನ ಎನ್‌ಆರ್‌ಒ ಮಾಡಿಸಬೇಕು, ಅದು ನಿಯಮ. ಅಲ್ಲಿಗೆ ತಿಂಗಳು ತಿಂಗಳು ಹಣ ಕಳಿಸಿ ಅಲ್ಲಿಂದಲೇ ಕಾರ್ಡ್ ಬಾಕಿ ಕಟ್ಟಬಹುದು.

ಕೆಲಸ ಹೋದರೆ, ಕಂತು ತಪ್ಪುವ ಮುಂಚೆ ಬರೆಯಿರಿ. ತಪ್ಪಿದ ಮೇಲೆ ಅಲ್ಲ.

ಕಡಿಮೆ ಮೊತ್ತಕ್ಕೆ ಸೆಟಲ್ ಮಾಡಿದರೆ ಇಲ್ಲಿನ ಕ್ರೆಡಿಟ್ ರಿಪೋರ್ಟ್‌ನಲ್ಲಿ "ಸೆಟಲ್ಡ್" ಅಂತ ಬರುತ್ತೆ, ಪೂರ್ತಿ ಕಟ್ಟಿದರೆ "ಕ್ಲೋಸ್ಡ್". ಪೂರ್ತಿ ಕಟ್ಟುವ ಶಕ್ತಿ ಇದ್ದರೆ ಪೂರ್ತಿ ಕಟ್ಟಿ. ಶಕ್ತಿ ಇಲ್ಲದಿದ್ದರೆ ಸೆಟಲ್‌ಮೆಂಟ್ ಕೇಳುವುದು ಪಾಪ ಅಲ್ಲ. ಆದರೆ ಪತ್ರ ಕೈಗೆ ಬರುವ ಮುಂಚೆ ಹಣ ಕೊಡಬೇಡಿ, ಏಜೆಂಟ್‌ನ ಸ್ವಂತ ಯುಪಿಐಗೆ ಎಂದೂ ಹಾಕಬೇಡಿ. ಮುಗಿದ ಮೇಲೆ ನೋ ಡ್ಯೂಸ್ ಪತ್ರ ತಗೊಳ್ಳಿ. ಒಂದೆರಡು ತಿಂಗಳ ನಂತರ ರಿಪೋರ್ಟ್ ತೆಗೆದು ನೋಡಿ. ಪ್ರತಿ ಕ್ರೆಡಿಟ್ ಸಂಸ್ಥೆಯೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು.

ಕಾಣಿಕೆ ಬಗ್ಗೆ ಒಂದು ಮಾತು. ಸಾಲ ಮುಚ್ಚಿಟ್ಟು ದೊಡ್ಡ ಕಾಣಿಕೆ ಹಾಕಿದರೆ ದೇವರು ಸಾಲ ನೋಡಿಕೊಳ್ತಾರೆ ಅಂತ ಯಾರಾದರೂ ಹೇಳಿದರೆ ಮಾರ್ಕ 7ನೇ ಅಧ್ಯಾಯ ಓದಿ. ತಂದೆತಾಯಿಗೆ ಸಲ್ಲಬೇಕಾದ್ದನ್ನ ದೇವರಿಗೆ ಅಂತ ಹೇಳಿ ತಪ್ಪಿಸಿಕೊಂಡವರನ್ನ ಯೇಸು ಮೆಚ್ಚಲಿಲ್ಲ. ಜಕ್ಕಾಯನ ಮನೆಗೆ ರಕ್ಷಣೆ ಬಂದ ದಿನ ಅವನ ಬಾಯಿಂದ ಬಂದಿದ್ದು ವಾಪಸ್ ಕೊಡುವ ಮಾತು.

ಎರಡನೇ ಸಾಕ್ಷಿ

2021ರ ಜನವರಿಯಲ್ಲಿ ಬ್ಯಾಂಕಿನ ಕ್ಲಿಯರೆನ್ಸ್ ಪತ್ರ ಬಂತು. ಆ ಭಾನುವಾರ ಮತ್ತೆ ನಿಂತೆ. ಮೊದಲು ಹೇಳಿದ ಸಾಕ್ಷಿ ಸುಳ್ಳಾಗಿತ್ತು ಅಂತ ಹೇಳಿದೆ. ಹಲ್ಲೆಲೂಯ ಕೇಳಿಸಲಿಲ್ಲ. ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಆ ತಾಯಿಯ ಹತ್ತಿರ ಹೋಗಿ, "ಅಮ್ಮಾ, ನೀವು ಕೇಳಿದ್ರಲ್ಲ, ಯಾರು ಕಟ್ಟಿದರು ಅಂತ. ನಾನೇ ಕಟ್ಟಿದೆ. ದೇವರು ಶಕ್ತಿ ಕೊಟ್ಟರು" ಅಂದೆ. ಅವರು ನಕ್ಕರು. "ನಂದೂ ಮುಗೀತಪ್ಪಾ, ಹೋದ ವರ್ಷವೇ" ಅಂದರು. ನನಗಿಂತ ಮುಂಚೆ, ಹೂ ಕಟ್ಟಿ ಮಾರಿ ತೀರಿಸಿದ್ದರು. ಅದಕ್ಕೆ ಅವರು ಎಲ್ಲೂ ಸಾಕ್ಷಿ ಹೇಳಿರಲಿಲ್ಲ.

ಕೆನಡಾಗೆ ಹೊರಟ ಆ ತಮ್ಮನ ಜೊತೆ ಹೋದ ಶನಿವಾರ ಕೂತಿದ್ದೆ. ಸ್ಟೇಟ್‌ಮೆಂಟ್ ತೆರೆದ್ವಿ. ಅವನು ಹೇಳಿದ್ದಕ್ಕಿಂತ ಜಾಸ್ತಿ ಇತ್ತು, ಯಾವಾಗಲೂ ಹಾಗೇ. ಅರ್ಧ ಈಗ ಕಟ್ಟಿ, ಉಳಿದಿದ್ದನ್ನ ಇಎಂಐ ಮಾಡಿಸಿ ಹೋಗ್ತಾನೆ. ಹೊಸ ಫೋನ್ ಆಸೆ ಬಿಟ್ಟ. ಹೊರಡುವಾಗ "ಬ್ರದರ್, ಇವತ್ತು ನಿದ್ದೆ ಬರುತ್ತೆ" ಅಂದ.

ಈ ವಾರ ನಿಮಗೆ ಒಂದೇ ಕೆಲಸ. ತೆರೆಯದೆ ಇಟ್ಟಿರೋ ಆ ಇಮೇಲ್, ಆ ಕವರ್ ತೆರೆಯಿರಿ. ಒಬ್ಬರೇ ಆಗದಿದ್ದರೆ ಬುಧವಾರ ಪ್ರಾರ್ಥನೆ ಆದ ಮೇಲೆ ನನ್ನ ಹತ್ರ ಬನ್ನಿ, ಜೊತೆಗೆ ತೆರೆಯೋಣ. ಯಾರಿಗೂ ಹೇಳಲ್ಲ.

ಪ್ರಾರ್ಥನೆ ಮಾಡೋಣ. ತಂದೆಯೇ, ನಮ್ಮ ಪಾಪದ ಸಾಲವನ್ನ ನಿಮ್ಮ ಮಗನು ತೀರಿಸಿದ್ದಕ್ಕೆ ಸ್ತೋತ್ರ. ಮನುಷ್ಯರಿಗೆ ನಾವು ಕೊಡಬೇಕಾದ್ದನ್ನ ಕೊಡುವ ಪ್ರಾಮಾಣಿಕತೆ ಕೊಡಿ. ಫೋನ್ ಶಬ್ದಕ್ಕೆ ಬೆಚ್ಚಿಬೀಳುವ ಮಕ್ಕಳಿಗೆ ಧೈರ್ಯ ಕೊಡಿ. ದೂರ ದೇಶದಲ್ಲಿ ಒಂಟಿಯಾಗಿ ಕೂತು ಚಿಂತೆ ಮಾಡುವವರ ಪಕ್ಕದಲ್ಲಿ ಒಬ್ಬ ತುಖಿಕನನ್ನ ಕೂರಿಸಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.